ಆಕಾಶದಿಂದ ಕಂಡ ಗೆರೆ

ಪಲ್ಲಾವರಂ, ಮಾರ್ಚ್ ೯

ಅಪ್ಪಾಜಿಗೆ ಪಾವನಾಳ ನಮಸ್ಕಾರ.

ಕಾಡಿನ ಕ್ಯಾಂಪಿನಲ್ಲಿ ನಿಮಗೆ ಸಿಗ್ನಲ್ ಸಿಗಲ್ಲ, ಅದಕ್ಕೇ ಈ ಕಾಗದ. ಕಾಡಿಗೆ ಬೆಂಕಿ ಬೀಳದಂತೆ ಕಾಯೋದು ಬಿಟ್ಟು ಮೊಮ್ಮಗಳ ನಾಮಕರಣಕ್ಕೂ ಬರಲ್ಲ ಅಂದಿರಲ್ಲ, ಸಿಟ್ಟು ಬಂದಿತ್ತು. ಆದರೂ ನಿದ್ದೆಗೆಟ್ಟು ಉಪಗ್ರಹದ ನಕ್ಷೆಯಲ್ಲಿ ನಿಮ್ಮ ಬೆಟ್ಟದ ಮೇಲಿನ ಬೆಂಕಿಯ ಕೆಂಪು ಚುಕ್ಕಿಗಳನ್ನೇ ನೋಡ್ತಾ ಕೂತಿರ್ತಿದ್ದೆ.

ನಿನ್ನೆ ಹೊಗೆ ಸರಿದ ಮೇಲಿನ ಚಿತ್ರ ಬಂತು. ಮೂರು ಬೆಟ್ಟ ಸುಟ್ಟು ಕಪ್ಪಾಗಿವೆ. ಆ ಕಪ್ಪು ಇಳಿದು ಬಂದು, ಕೂದಲೆಳೆಯಂಥ ಒಂದು ನೇರ ಗೆರೆಯ ಹತ್ತಿರ ನಿಂತುಬಿಟ್ಟಿದೆ. ಈಚೆಗೆ ಪೂರಾ ಹಸಿರು. ಬೆಂಕಿ ದಾಟಬಾರದು ಅಂತ ಜನವರಿಯಲ್ಲೇ ನೀವು ಸುಟ್ಟಿಟ್ಟ ರೇಖೆ ಅದು. ಕೇಳಿದರೆ "ಏನೋ ಒಂದಿಷ್ಟು ಹುಲ್ಲು ಸುಡ್ತೀವಿ ಕಣವ್ವ" ಅಂತಿದ್ದಿರಿ. ನಾನೂ ಅಷ್ಟೇ ಅಂದುಕೊಂಡಿದ್ದೆ. ನಿಮ್ಮ ಅಳಿಯಂದಿರನ್ನೂ ಕರೆದು ಆ ಗೆರೆ ತೋರಿಸಿದೆ.

"ನಿಮ್ಮಪ್ಪಂಗೆ ಇಷ್ಟುದ್ದದ ಸ್ಕೇಲ್ ಯಾರು ಕೊಟ್ಟರೇ?" ಅಂದರು ನಿಶಾಂತ್.

ನಿಮ್ಮ ಬೂಟಿನ ಅಳತೆ ಬರೆದು ಕಳಿಸಿ. ಹಳೇದರ ಅಡಿ ಕರಗಿರಬೇಕು, ಹೊಸದು ಕೊಳ್ತೀನಿ.

ನಾಮಕರಣ ಮುಂದಕ್ಕೆ ಹಾಕಿದ್ದೀವಿ. ಕಾಡಿಗೆ ಮಳೆ ಬಿದ್ದ ಮೇಲೆ ಬನ್ನಿ, ಹೆಸರನ್ನ ಅವಳ ಕಿವೀಲಿ ನೀವೇ ಹೇಳಿ. ಅಲ್ಲಿವರೆಗೂ ಪಾಪು ಅಂತಲೇ ಕರೀತಿರ್ತೀವಿ.

ನಿಮ್ಮ ಮಗಳು,
ಪಾವನಾ