ಧನಿಯದ ಹದಕ್ಕೆ ತೊಂಬತ್ತು ದಿನ

ಮಾರ್ಚ್ 4, ಬುಧವಾರ

ಬೆಳಿಗ್ಗೆ ಮೂರು ಬಾಣಲೆ ಧನಿಯ, ಒಂದು ಬಾಣಲೆ ಮೆಂತ್ಯ ಹುರಿದು ಮುಗಿಸಿದೆ. ಆಮೇಲೆ ರಾಜೀನಾಮೆ ಕೊಟ್ಟೆ. ಜಗನ್ನಾಥ್ ಸಾರ್ ಓದಿ, ಮಡಚಿ ಡ್ರಾಯರಿನಲ್ಲಿಟ್ಟರು. ಮಾಗಡಿ ರಸ್ತೆಯ ಈ ಸಾಂಬಾರ್ ಪುಡಿ ಫ್ಯಾಕ್ಟರಿಗೆ ಅವರು ಮಾಲೀಕರು. ಹದಿನಾಲ್ಕು ವರ್ಷದಿಂದ ಹದ ನೋಡುವವಳು ನಾನು.

ನೋಟಿಸ್ ಪೀರಿಯಡ್ ತೊಂಬತ್ತು ದಿನ. ಕೆಂಗೇರಿಯ ಹೊಸ ಕಂಪನಿ ಕಾಯುವುದು ಮೇ 4ರ ತನಕ ಮಾತ್ರ. ಅಲ್ಲಿ ಕ್ವಾಲಿಟಿ ಸೂಪರ್‌ವೈಸರ್ ಕೆಲಸ. ಇಂಟರ್‌ವ್ಯೂನಲ್ಲಿ ಜಂಬ ಬೇರೆ ಕೊಚ್ಚಿಕೊಂಡಿದ್ದೇನೆ — ನನ್ನ ಮೂಗೇ ನನ್ನ ಮೀಟರ್ ಅಂತ.

ಸಾರ್ ಒಂದು ದಾರಿ ತೋರಿಸಿದರು. "ನಿಮ್ಮ ಜಾಗಕ್ಕೆ ಒಬ್ರಿಗೆ ಕಲಿಸಿ, ಜ್ಯೋತಿಲಕ್ಷ್ಮಿ. ಅವ್ರು ಕಲಿತ ದಿನಾನೇ ರಿಲೀವಿಂಗ್ ಲೆಟರ್ ಕೊಡ್ತೀನಿ."

ಮಾರ್ಚ್ 16, ಸೋಮವಾರ

ಶಶಿಕುಮಾರ್ ಬಂದರು. ಮಲ್ಲತ್ತಹಳ್ಳಿಯವರು. ಮದುವೆ ಮನೆಗಳಲ್ಲಿ ಅಡುಗೆ ಮಾಡಿಸುತ್ತಿದ್ದವರು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಯಾವಾಗ ಇಳಿಸಬೇಕು ಎಂದು ಕೇಳಿದರು. ಘಮ ಬಂದಾಗ ಎಂದೆ. ಯಾವ ಘಮ ಎಂದರು... ಥೂ, ಅದನ್ನು ಹೇಗೆ ಹೇಳೋದು?

ಏಪ್ರಿಲ್ 8, ಬುಧವಾರ

ಹತ್ತು ಬಾಣಲೆಯಲ್ಲಿ ಏಳು ಸೀದುಹೋಗುತ್ತಿವೆ. ಪಾಪ, ತಪ್ಪು ಅವರದಲ್ಲ. ನನಗೇ ಹೇಳಿಕೊಡಲು ಬರುತ್ತಿಲ್ಲ. ಕೆಂಗೇರಿಯ ಎಚ್‌ಆರ್ ಇವತ್ತು ಎರಡು ಸಲ ಫೋನ್ ಮಾಡಿದಳು. ಭಯ ಶುರುವಾಗಿದೆ. ಇದು ತಪ್ಪಿದರೆ ನಲವತ್ತೊಂದರ ನನ್ನನ್ನು ಮತ್ತೆ ಯಾರು ಕರೆಯುತ್ತಾರೆ?

ಏಪ್ರಿಲ್ 13, ಸೋಮವಾರ, ಬೆಳಿಗ್ಗೆ 11

ಭಾರೀ ನೆಗಡಿ. ಮೂಗು ಪೂರ್ತಿ ಬಂದ್. ಕಾಫಿ ಬರೀ ಬಿಸಿನೀರು. ಇವತ್ತಿನ ಮಾಲು ಕೆಟ್ಟಿತು ಎಂದುಕೊಂಡೆ... ಆದರೆ ಸಾರ್ ರುಚಿ ನೋಡಿದರೆ ನಾಲ್ಕು ಬಾಣಲೆಯೂ ಸರಿಯಾದ ಹದಕ್ಕೇ ಇಳಿದಿವೆ. ಮೂಗಿಲ್ಲದೆ ಹೇಗೆ?

ಮಧ್ಯಾಹ್ನ 3

ಐದನೆಯ ಬಾಣಲೆಗೆ ಬೇಕೆಂದೇ ಕಣ್ಣು ಮುಚ್ಚಿ ನಿಂತೆ. ಮೊದಲು ಭಾರವಾದ ಸರಸರ. ಆಮೇಲೆ ಚಟಪಟ. ಅದು ನಿಂತು ಗಲಗಲ ಶುರು — ಒಣ ಮಣಿ ಅಲ್ಲಾಡಿಸಿದ ಹಾಗೆ. ನನ್ನ ಕೈ ತಾನಾಗಿ ಗ್ಯಾಸ್ ಆರಿಸಿತು. ಅಯ್ಯೋ ದೇವರೇ, ಹದಿನಾಲ್ಕು ವರ್ಷ ದುಡಿದದ್ದು ಕಿವಿ, ಹೊಗಳಿಕೆ ಎಲ್ಲ ಮೂಗಿಗೆ!

ಒಬ್ಬಳೇ ನಕ್ಕೆ. ಶಶಿಕುಮಾರ್‌ಗೆ ಹೇಳಿದೆ. ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟು, ಬಾಣಲೆಗೆ ಕಿವಿಗೊಟ್ಟು ನಿಂತರು.

ಏಪ್ರಿಲ್ 30, ಗುರುವಾರ

ಶಶಿಕುಮಾರ್ ಇಳಿಸಿದ ಬಾಣಲೆ ಹತ್ತಕ್ಕೆ ಹತ್ತೂ ಸರಿ. ಕಿವಿಯ ಗುಟ್ಟು, ಇಂಟರ್‌ವ್ಯೂನ ಜಂಬ ಎರಡನ್ನೂ ಸಾರ್‌ಗೆ ಹೇಳಿಬಿಟ್ಟೆ. ಸಾರ್ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ, ಲೆಟರಿಗೆ ಸಹಿ ಹಾಕಿದರು. ಕೊಡುವಾಗ ಮೆಲ್ಲಗೆ ಅಂದರು, "ಅಲ್ಲಿ ಹೋಗಿ ಕಿವಿ ವಿಷ್ಯ ಹೇಳ್ಬೇಡಿ. ಮೂಗು ಅಂತಾನೇ ಇರ್ಲಿ." ಅಳು ಬಂತು. ನೆಗಡಿ ಇನ್ನೂ ಹೋಗಿಲ್ಲ ಸಾರ್ ಎಂದೆ.

ಮೇ 4, ಸೋಮವಾರ, ಸಂಜೆ 7

ಬೆಳಿಗ್ಗೆ ದೀಪಾಂಜಲಿ ನಗರದಲ್ಲಿ ಕೆಂಗೇರಿಯ ಮೆಟ್ರೊ ಹತ್ತಿದೆ. ಸಮಯಕ್ಕೆ ಸರಿಯಾಗಿ ಸೇರಿಕೊಂಡೆ. ಇಲ್ಲಿ ಬಾಣಲೆ ಇಲ್ಲ. ಎಲ್ಲ ತಿರುಗುತ್ತಲೇ ಹುರಿಯುವ, ಮುಚ್ಚಿದ ದೊಡ್ಡ ಡ್ರಮ್ಮುಗಳು. ಘಮವನ್ನೆಲ್ಲ ಚಿಮಣಿ ಎಳೆದುಕೊಳ್ಳುತ್ತದೆ. ಬಾಗಿಲಲ್ಲಿ ಸೇಫ್ಟಿಯವರು ಇಯರ್‌ಪ್ಲಗ್ ಕೊಟ್ಟರು.

"ಮೇಡಂ, ಇದಿಲ್ದೆ ಒಳಗೆ ಬಿಡಲ್ಲ."

ಮೂಗೂ ಇಲ್ಲ, ಕಿವಿಯೂ ಇಲ್ಲ. ನಾಳೆ ಬೆಳಿಗ್ಗೆಯ ಬ್ಯಾಚ್ ಪಾಸ್ ಮಾಡಬೇಕಾದವಳು ನಾನೇ.

ಡ್ರಮ್ಮಿನ ಪಕ್ಕ ಒಂದು ಗಂಟೆ ಸುಮ್ಮನೆ ನಿಂತಿದ್ದೆ. ಒಂದು ಕೈ ಅದರ ಕಬ್ಬಿಣದ ಕಂಬಿಯ ಮೇಲಿತ್ತು. ಕಂಬಿಯಲ್ಲಿ ಮೊದಲು ಒರಟು ನಡುಕ. ಎಷ್ಟೋ ಹೊತ್ತಿನ ಮೇಲೆ ಅದು ಇದ್ದಕ್ಕಿದ್ದಂತೆ ಹಗುರವಾಯಿತು. ಅದೇ ಹೊತ್ತಿಗೆ ನನ್ನ ಇನ್ನೊಂದು ಕೈ, ಇಲ್ಲದ ಗ್ಯಾಸ್ ನಾಬನ್ನು ಹುಡುಕುತ್ತಿತ್ತು... ಇರು, ಹಾಗಾದರೆ ಅಂಗೈಗೂ ಹದ—