ಭಾನುವಾರದ ‘ಫೈನ್’

ಬುಧವಾರ, ಮಧ್ಯಾಹ್ನ

ಅಮ್ಮನಿಗೆ ದೊಡ್ಡವಳು ಬರೆಯುವುದು. ನಮಸ್ಕಾರ ಕೋಪ ಇಳಿದ ಮೇಲೆ.

ಪುಟ್ಟಿಯ ಮೊದಲ ಪತ್ರದ ಫೋಟೊ ಕಳಿಸಿ, ‘ನೋಡೇ, ನಿನ್ನ ತಂಗಿ ಒಂದೇ ವಾರಕ್ಕೆ ಇಂಗ್ಲಿಷಲ್ಲಿ ಬರೀತಾಳೆ, ಫೈನ್ ಆಗಿದಾಳಂತೆ’ ಅಂತ ಹಿಗ್ಗಿದೆಯಲ್ಲ, ಅದು ಅವಳ ಮಾತಲ್ಲ. ಆ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ತಿಂಡಿಯಾದ ಮೇಲೆ ವಾರ್ಡನ್ ಬೋರ್ಡಿನ ಮೇಲೆ ಬರೆಯುತ್ತಾರೆ: ಐ ಆಮ್ ಫೈನ್, ಊಟ ಚೆನ್ನಾಗಿದೆ, ಚಿಂತೆ ಬೇಡ. ನಲವತ್ತು ಹುಡುಗಿಯರು ನಕಲು ಮಾಡಬೇಕು. ಒಂದು ಸಾಲು ಹೆಚ್ಚಾದರೂ ಹಾಳೆ ಹರಿಯುತ್ತಾರೆ. ನಾನು ಅಲ್ಲಿದ್ದ ಏಳು ವರ್ಷ ನೀನು ಓದಿದ್ದು ವಾರ್ಡನ್ ಪತ್ರ, ನನ್ನದಲ್ಲ.

ಇಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ ಒಂದು ಸಾಮಾನ್ಯ ಪದ ಹಿಡಿದು ಅದರ ಅರ್ಥ, ಬಳಕೆ ಬರೆದು ತನ್ನಿ ಅಂದರು. ನಾನು ಫೈನ್ ಹಿಡಿದೆ. ಡಿಕ್ಷನರಿಯಲ್ಲಿ ಅದು ನವಿರಾದ ನೂಲು, ತಿಳಿಯಾದ ಆಕಾಶ, ತೆರಬೇಕಾದ ದಂಡ. ಹಾಸ್ಟೆಲಿನ ಅರ್ಥ ಇರಲಿಲ್ಲ. ನಾನೇ ಸೇರಿಸಿದೆ: ‘ಇನ್ನು ಕೇಳಬೇಡಿ’. ಮೇಡಂ ಪಕ್ಕದಲ್ಲಿ ‘ಉದಾಹರಣೆ ಕೊಡು’ ಅಂತ ಕೆಂಪು ಶಾಯಿಯಲ್ಲಿ ಗೀಚಿದ್ದಾರೆ. ಕೊಡುತ್ತೇನೆ, ನಿನಗೇ.

ಆರನೇ ಕ್ಲಾಸಿನಲ್ಲಿ ಬಚ್ಚಲಲ್ಲಿ ಜಾರಿ ನನ್ನ ಬಲಗೈ ಮುರಿಯಿತು. ಆ ಭಾನುವಾರ ಎಡಗೈಯಲ್ಲಿ ಫೈನ್ ಬರೆದೆ. ನಿನಗೆ ಗೊತ್ತಾಗೇ ಆಗುತ್ತೆ ಅಂತ ಹನ್ನೆರಡು ದಿನ ಗೇಟು ಕಾದೆ. ಬಂದದ್ದು ನಿನ್ನ ಉತ್ತರ: ‘ಏನೇ ಇದು ಅಕ್ಷರ, ಕಾಗೆ ಕಾಲು ಗುಬ್ಬಿ ಕಾಲು! ನೆಂಟರಿಗೆ ಹೇಗೆ ತೋರಿಸ್ಲಿ?’

ನಿನ್ನದೇನೂ ತಪ್ಪಿಲ್ಲ ಅಂತ ಬರೆದಿದ್ದೆ. ಮೇಲೆ ಗೀಟೆಳೆದು ಹೊಡೆದು ಹಾಕಿರುವುದು ಅದೇ ಸಾಲು. ಇವತ್ತು ನಿನ್ನನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಪುಟ್ಟಿಯನ್ನು ಅಲ್ಲಿಂದ ಬಿಡಿಸು. ಶನಿವಾರದೊಳಗೆ ಟಿ.ಸಿ.ಗೆ ಅರ್ಜಿ ಬರೆದುಕೊಂಡು ಬಾ. ಹಾಸ್ಟೆಲಿಗಲ್ಲ, ಮೊದಲು ನನ್ನ ರೂಮಿಗೆ. ಫೋನ್ ಮಾತ್ರ ಮಾಡಬೇಡ. ನಿನ್ನ ದನಿ ಕೇಳಿದರೆ ನನ್ನ ಬಾಯಿಗೂ ಅದೇ ಪದ ಬರುತ್ತದೆ.

ನಿನ್ನ
ದೊಡ್ಡವಳು

ಬರೆಯಲು ಮರೆತದ್ದು: ಮರೆತಿರಲಿಲ್ಲ, ಹೆದರಿ ಕೊನೆಗಿಟ್ಟೆ. ಪುಟ್ಟಿ ನನ್ನ ಮಂಚದ ಮೇಲಿದ್ದಾಳೆ. ಮೊನ್ನೆ ನೋಡಲು ಹೋದಾಗ ಮೈ ಕೆಂಡ. ಹಾಸ್ಟೆಲಿನ ಪುಸ್ತಕದಲ್ಲಿ ನಿನ್ನ ಸಹಿ ನಾನೇ ಹಾಕಿ, ಶನಿವಾರದವರೆಗೆ ಅಂತ ಬರೆದು ಕರೆತಂದೆ. ಡಾಕ್ಟರಿಗೆ ತೋರಿಸಿದೆ, ಜ್ವರ ಇಳಿಯುತ್ತಿದೆ. ‘ಈಗ ಹೇಗಿದೆಯೇ?’ ಅಂತ ಕೇಳಿದೆ. ಎದ್ದು ಕೂತು, ಕೈಕಟ್ಟಿ, ‘ಫೈನ್’ ಅಂದಳು.