ಹಸಿರು ಸಿಪ್ಪೆಯ ಮುಲಾಮು

ಸ್ಟಿಲ್‌ಹೌಸ್ ಹಳ್ಳ, ಕೆಂಟಕಿ
೧೯೩೮ ಸೆಪ್ಟೆಂಬರ್ ೧೯

ಪ್ರೀತಿಯ ತಂಗಿ ರೋವೀನಾ,

ಹೇಗಿದ್ದೀಯೆ? ಸಿನ್ಸಿನಾಟಿಯ ಹೊಗೆಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ನಿನ್ನ ಯಜಮಾನರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಅಮ್ಮನ ಬಲಗೈ, ನಾಲಿಗೆ ಎರಡೂ ಲಕ್ವ ಹೊಡೆದ ದಿನ ಹೇಗಿದ್ದವೋ ಹಾಗೆಯೇ ಇವೆ. ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ನಾನೇ ತಿನ್ನಿಸುತ್ತೇನೆ. ತಿಂದಾದ ಮೇಲೆ ಅವಳು ಎಡಗೈಯಿಂದ ದಿಂಬಿನಡಿಯ ನಿನ್ನ ಫೋಟೋ ಎಳೆದುಕೊಂಡು ನೋಡುತ್ತಾಳೆ. ತಿನ್ನಿಸಿದವಳು ಎದುರಿಗೇ ಕೂತಿರುತ್ತೇನೆ. ಇರಲಿ ಬಿಡು.

ಹೊಸ ಸುದ್ದಿಯೆಂದರೆ ನನ್ನ ಮಗಳು ವರ್ಡಿಯ ಕುತ್ತಿಗೆಯ ಮೇಲೆ ಹುಳುಕಡ್ಡಿ ಎದ್ದಿದೆ. ವಾಸಿಯಾಗುವ ತನಕ ಬೆಂಚಿನ ಮೇಲೆ ಕೂರುವಂತಿಲ್ಲ ಎಂದು ಮೇಷ್ಟ್ರು ಮನೆಗೆ ಕಳಿಸಿದ್ದಾರೆ. ಮಗು ಸ್ಲೇಟು ಹಿಡಿದು ಬಾಗಿಲಲ್ಲೇ ಕೂತಿರುತ್ತದೆ. ಈ ಹಳ್ಳದಲ್ಲಿ ಯಾರ ಮೈಮೇಲೆ ಹುಳುಕಡ್ಡಿ, ಕಜ್ಜಿ ಎದ್ದರೂ ಅಮ್ಮನ ಕರಿ ಅಕ್ರೋಟಿನ ಮುಲಾಮೇ ಮದ್ದು. ಅಮ್ಮ ಹಾಸಿಗೆ ಹಿಡಿದ ಮೇಲೆ ನಿನ್ನದು. ನೀನು ಊರು ಬಿಟ್ಟು ಎರಡು ವರ್ಷವಾದರೂ ಜನ ನಿನ್ನನ್ನು ಬಿಟ್ಟಿಲ್ಲ. ಮೊನ್ನೆ ಪಕ್ಕದ ಮನೆಯ ಕ್ಲೆಮ್ಮೀ ಬಂದು, "ನಿನ್ನ ಕೈಯಿಂದ್ ಬೇಡ ಕಣೆ ಆರ್ಫಾ, ರೋವೀನಾ ಮಾಡಿದ್ದು ಡಬ್ಬಿ ತಳದಲ್ಲಿ ಏನಾದ್ರೂ ಉಳಿದಿದ್ರೆ ಕೆರೆದು ಕೊಡು" ಅಂದಳು. ನನ್ನದೇ ಅಂಗಳದ ಮರ, ನನ್ನದೇ ಮನೆಯ ಬಾಗಿಲು, ಬೇಕಾದದ್ದು ಮಾತ್ರ ನೀನು. ಮುಚ್ಚುಮರೆ ಯಾಕೆ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಹದಿನಾರು ವರ್ಷದಿಂದ ಇದೆ.

ನನ್ನ ಮದುವೆಯ ಸೆಪ್ಟೆಂಬರ್ ನಿನಗೆ ನೆನಪಿರಬೇಕು. ಕಾಯಿ ಸುಲಿಯಲು ಬಾ ಎಂದು ಅಮ್ಮ ಮೊದಲು ಕರೆದದ್ದು ನನ್ನನ್ನೇ. ಆ ಸಿಪ್ಪೆಯ ಕಲೆ ಒಂದು ತಿಂಗಳಾದರೂ ಹೋಗುವುದಿಲ್ಲ, ಕಪ್ಪು ಕೈಯಲ್ಲಿ ಉಂಗುರ ಹಾಕಿಸಿಕೊಳ್ಳಲಾರೆ ಎಂದು ನಾನು ಒಳಗೆ ಹೋದೆ. "ಹಾಗಾದ್ರೆ ಚಿಕ್ಕವಳು ಬರ್ಲಿ" ಎಂದು ಅಮ್ಮ ನಿನ್ನನ್ನು ಕರೆದುಕೊಂಡಳು. ಆಮೇಲೆ ನಾನು ಎಷ್ಟು ಸಲ ಸುತ್ತ ಸುಳಿದಾಡಿದರೂ ಮತ್ತೆ ಕರೆಯಲಿಲ್ಲ. ಕೇಳುವುದಕ್ಕೆ ನನಗೂ ಬಾಯಿ ಬರಲಿಲ್ಲ, ನಾನು ಹಿರಿಯವಳಲ್ಲವೆ?

ಈ ಸಲ ನಾನೇ ಮಾಡಿದೆ. ಮರದಡಿ ಬಿದ್ದ ಕಾಯಿಯ ಸಿಪ್ಪೆ ಕುದಿಸಿ, ಹಂದಿ ಕೊಬ್ಬಿಗೆ ಕಲಸಿ ವರ್ಡಿಗೆ ಹಚ್ಚಿದ್ದೇನೆ. ಪರವಾಗಿಲ್ಲ, ಗುಣ ಕಾಣುತ್ತಿದೆ. ನಿನ್ನ ಭಾವ ಹೋಬಾರ್ಟ್ ಬೆಲ್ಲದ ಪಾಕ ಕಾಯಿಸುವುದರಲ್ಲಿ ಮುಳುಗಿದ್ದಾರೆ, ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ಅವರೂ ನಿನ್ನನ್ನೇ ಕೇಳುತ್ತಾರೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಚಳಿಗೆ ಎದೆ ಮುಚ್ಚಿಕೊಂಡು ಓಡಾಡು.

ನಿನ್ನ ಅಕ್ಕ,
ಆರ್ಫಾ

ಮರೆತ ಮಾತು: ಅಂಚೆಯವನು ಬೇಲಿಯ ಹತ್ತಿರ ಕಾಯುತ್ತಿದ್ದಾನೆ. ಗುಣ ಕಾಣುತ್ತಿದೆ ಎಂದದ್ದು ಸುಳ್ಳು. ಹಸಿರು ಸಿಪ್ಪೆಯೇ ಆಗಬೇಕಿತ್ತು, ನಾನು ಬಿದ್ದು ಕಪ್ಪಾಗಿದ್ದ ಸಿಪ್ಪೆಯನ್ನೇ ಹಾಕಿದ್ದೆ. ಅಮ್ಮ ಡಬ್ಬಿ ಮೂಸಿ ನೋಡಿ ಎಡಗೈಯಿಂದ ನೂಕಿದಳು, ಆದರೂ ಹಚ್ಚಿದೆ. ಕುತ್ತಿಗೆಯೆಲ್ಲ ಬೊಬ್ಬೆ ಎದ್ದು ಕೀವಾಗಿದೆ. ಕ್ಲೆಮ್ಮೀ ಕೇಳಿದಾಗ, ರೋವೀನಾ ಕಾಗದದಲ್ಲಿ ಬರೆದಂತೆಯೇ ಮಾಡಿದ್ದು ಎಂದುಬಿಟ್ಟೆ. ಪಟ್ಟಣಕ್ಕೆ ಹೋಗಿ ನಿನಗೆ ವಿದ್ಯೆ ಮರೆತುಹೋಗಿದೆ ಎಂದು ಈಗ ಊರೆಲ್ಲ ಆಡುತ್ತಿದೆ. ಅದನ್ನು ಕೇಳಿ ನನಗೆ ಒಂದು ಗಳಿಗೆ ಹಿತವಾಯಿತು ರೋವೀನಾ. ಕ್ಲೆಮ್ಮೀಗೆ ನಿಜ ಇವತ್ತೇ ಹೇಳುತ್ತೇನೆ. ವರ್ಡಿ ಈಗ ನನ್ನನ್ನು ಹತ್ತಿರಕ್ಕೇ ಸೇರಿಸುವುದಿಲ್ಲ, ಚಿಕ್ಕಮ್ಮ ಬಂದರೆ ಮಾತ್ರ ಮುಟ್ಟಿಸಿಕೊಳ್ಳುತ್ತೇನೆ ಅನ್ನುತ್ತಾಳೆ. ಅದನ್ನೂ ಸಹಿಸಿಕೊಳ್ಳುತ್ತೇನೆ. ಬಾ.